ಕೊಸರಿಗೆ ಹೋದ ಮೂರನೇ ಕೂಗು

ಗುಂಡ್ಲುಪೇಟೆಯ ಬಸ್ ನಿಲ್ದಾಣದ ಎದುರು ಇನ್ನೂ ಮಬ್ಬುಗತ್ತಲೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದ ಮಂಜು ಊಟಿ ರಸ್ತೆಯ ಮೇಲೆ ಹಾಗೇ ನಿಂತಿದೆ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಗೆ ಹೋದರೆ ಮೋಟು ಸ್ಟೂಲಿನ ಮೇಲೆ ನೀಲಾವತಿ ಕೂತಿದ್ದಾರೆ. ಕಿವಿಗೆ ಹೆಡ್‌ಫೋನು, ಎದುರಿಗೆ ಒಟ್ಟಿಗೆ ಎರಡು ಕ್ಯಾಸೆಟ್ ಹಿಡಿಯುವ ಟೇಪ್ ಡೆಕ್ಕು. ಚಕ್ರಗಳು ತಿರುಗುತ್ತಿವೆ. ಅವರು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೇಳುತ್ತಿದ್ದಾರೆ. ನನ್ನನ್ನು ನೋಡಿದ್ದೇ ಹೆಡ್‌ಫೋನು ತೆಗೆದು ನನ್ನ ಕಿವಿಗೆ ಇಡುತ್ತಾರೆ. ಅದರಲ್ಲಿ ಏನೂ ಇಲ್ಲ. ಸಣ್ಣಗೆ ಗಾಳಿ ಆಡಿದ ಹಾಗೆ, ಅಷ್ಟೇ.

"ಏನೂ ಇಲ್ಲ ಅಂತ ನಾನೂ ಅಂದ್ಕಂಡಿದ್ದೆ ಸಾ. ಅದೇ ನಾ ಮಾಡ್ದ ತಪ್ಪು" ಎನ್ನುತ್ತಾರೆ.

ಬಾಗಿಲ ಬಳಿ ಇನ್ನೊಬ್ಬ ಹೆಂಗಸು ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಕುದೇರಿನ ರಾಚಮ್ಮ. ಹಿಂದಿನ ಸಂಜೆಯೇ ಬಸ್ಸು ಹಿಡಿದು ಬಂದು ನೀಲಾವತಿಯವರ ಮನೆಯಲ್ಲಿ ಉಳಿದಿದ್ದಾರೆ. ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ ಒಂದು ಕ್ಯಾಸೆಟ್. ಅದನ್ನು ಒಂದು ಕೈಯಿಂದ ಬಿಗಿಯಾಗಿ ಹಿಡಿದೇ ಇದ್ದಾರೆ. ಆ ಕ್ಯಾಸೆಟ್ಟನ್ನು ಕೊಡಬೇಕೋ ಬೇಡವೋ ಎಂಬುದು ಈ ಬೆಳಗ್ಗೆಯೂ ಅವರ ಮನಸ್ಸಿನಲ್ಲಿ ಇತ್ಯರ್ಥವಾಗಿಲ್ಲ.

ಈ ಅಂಗಡಿಯಲ್ಲಿ ಬೆಳಕು ಹರಿಯುವ ಮೊದಲೇ ಕೆಲಸ ಶುರುವಾಗುವುದಕ್ಕೆ ಕಾರಣವಿದೆ. "ಬಿಸ್ಲು ಏರಿ ಪಂಪ್‌ಸೆಟ್ಟು ಶುರುವಾದ್ರೆ ಕರೆಂಟು ಸೊರಗ್ತದ ಸಾ. ಮಿಷಿನ್ನು ಎಳೀತದ. ಮದುವೆ ಹಾಡೂ ಸಾವಿನ ಮನೆ ಹಾಡ್ನಂಗೆ ಕೇಳ್ತದ" ಎಂದು ನೀಲಾವತಿ ನಗುತ್ತಾರೆ. ಗುಡಿಸಿ ಒರೆಸುವ ಕೆಲಸಕ್ಕೆಂದು ಅವರು ಈ ರೆಕಾರ್ಡಿಂಗ್ ಅಂಗಡಿಗೆ ಬಂದದ್ದು ಮದುವೆಯಾದ ಹೊಸತರಲ್ಲಿ. ಮಾಲೀಕ ಪುಟ್ಟಮಲ್ಲಪ್ಪನವರು ವಿಡಿಯೊ ಬಾಡಿಗೆಯ ಹಿಂದೆ ಬಿದ್ದ ಮೇಲೆ ಡೆಕ್ಕು ಇವರ ಕೈಗೆ ಬಂತು. ಗಂಡ ತೀರಿಕೊಂಡ ಮೇಲೆ ಹೊಟ್ಟೆಪಾಡೂ ಅದೇ ಆಯಿತು. ಸುತ್ತಿಕೊಂಡ ಟೇಪನ್ನು ಪೆನ್ಸಿಲ್ ತೂರಿಸಿ ಬಿಡಿಸುವುದು, ಹರಿದದ್ದನ್ನು ಅಂಟಿಸುವುದು, ಹತ್ತಿಗೆ ಸ್ಪಿರಿಟ್ ಅದ್ದಿ ಡೆಕ್ಕಿನ ಹೆಡ್ಡು ಒರೆಸುವುದು, ಎಲ್ಲ ನೋಡಿ ನೋಡಿ ಕಲಿತದ್ದು. ಕ್ಯಾಸೆಟ್ಟಿನ ಮೇಲೆ ಅಂಗಡಿಯ ಹೆಸರಿರುತ್ತದೆ, ಇವರ ಹೆಸರು ಎಲ್ಲೂ ಇರುವುದಿಲ್ಲ. ಈ ರಸ್ತೆಯಲ್ಲಿ ಓಡಾಡುವ ಎಷ್ಟು ಲಾರಿಗಳಲ್ಲಿ ನೀಲಾವತಿ ಜೋಡಿಸಿದ ಹಾಡುಗಳು ಹಾಡುತ್ತಿವೆಯೋ ದೇವರೇ ಬಲ್ಲ.

ಜೋಡಿಸುವುದು ಎಂದೆ. ಹಾಡುಗಳನ್ನು ಒಂದರ ಹಿಂದೆ ಒಂದು ತುಂಬಿದರೆ ಆಯಿತು ಎಂದುಕೊಂಡಿದ್ದವನು ನಾನು. ಲಾರಿ ಡ್ರೈವರುಗಳ ಕ್ಯಾಸೆಟ್ಟನ್ನು ನೀಲಾವತಿ ರಸ್ತೆಗೆ ತಕ್ಕಂತೆ ತುಂಬುತ್ತಾರೆ. ಊರು ಬಿಡುವಾಗ ದೇವರದ್ದು. ಬಂಡೀಪುರದ ಗೇಟು ದಾಟುವ ಹೊತ್ತಿಗೆ ಜೋರು ತಮಟೆಯದ್ದು. ವಾದ್ಯವಿಲ್ಲದೆ ಹೆಂಗಸೊಬ್ಬಳೇ ಹಾಡುವ ಹಾಡು ಕಾಡಿನೊಳಗೆ ಬರಲೇಕೂಡದು. ಒಮ್ಮೆ ಹಾಗೆ ಬಂದುಬಿಟ್ಟಿತ್ತಂತೆ. ಡ್ರೈವರ್ ಮರುದಿನ ಕ್ಯಾಸೆಟ್ ತಂದು ಮೇಜಿನ ಮೇಲಿಟ್ಟ.

"ಹಾಡು ಮುಗಿದೋಯ್ತು, ದನಿ ಮಾತ್ರ ಹಿಂದ್ಗಡೆ ಸೀಟಲ್ಲೇ ಕೂತಿತ್ತು ಕಣಕ್ಕ ಅಂದ. ಆಮೇಕೆ ಆ ಕ್ಯಾಸೆಟ್ಟ ಮುಟ್ಟಲೇ ಇಲ್ಲ ಅವ್ನು."

ಇನ್ನು ಕೊಸರು. ಸಂತೆಯಲ್ಲಿ ಸೊಪ್ಪು ಕೊಂಡರೂ ಮೇಲೊಂದು ಹಿಡಿ ಕೊಸರು ಕೇಳುವ ಜನ ನಾವು. ಕ್ಯಾಸೆಟ್ಟಿನಲ್ಲಿ ಬಿಡುತ್ತೇವೆಯೇ? ಕೊನೆಯಲ್ಲಿ ಟೇಪು ಖಾಲಿ ತಿರುಗಿದರೆ ಗಿರಾಕಿ ಜಗಳಕ್ಕೇ ಬರುತ್ತಾನೆ. ಹಾಗಾಗಿ ಎಲ್ಲಿ ಖಾಲಿ ಕಂಡರೂ ಅಲ್ಲೊಂದು ಭಜನೆಯೋ ಭಾವಗೀತೆಯೋ ತುಂಬಿಬಿಡುವುದು ನೀಲಾವತಿಯವರಿಗೆ ಕೈಗೆ ಕೂತ ಅಭ್ಯಾಸ. ಈ ಅಭ್ಯಾಸವೇ ಅವರನ್ನು ಹೋದ ವರ್ಷ ಹಿಡಿದುಹಾಕಿತು.

ಚಾಮರಾಜನಗರ ಹೊಸ ಜಿಲ್ಲೆಯಾದ ಸಂಭ್ರಮದ ದಿನಗಳಲ್ಲಿ ಅಲ್ಲಿನ ಕಾಲೇಜಿನ ಇಬ್ಬರು ಹುಡುಗರು ಒಂದು ಕ್ಯಾಸೆಟ್ ಹಿಡಿದು ಇಲ್ಲಿಗೆ ಬಂದರು. ಗಿಟಾರ್ ನುಡಿಸುವ ಮಲ್ಲೇಶ್, ಹಾಡುವ ಸಿದ್ದಾರ್ಥ. ಸಿದ್ದಾರ್ಥ ಈ ರಾಚಮ್ಮನವರ ಒಬ್ಬನೇ ಮಗ. ಇಬ್ಬರೂ ಸೇರಿ ಒಂದು ಆಲ್ಬಮ್ ಮಾಡಿದ್ದರು, ಹೆಸರು 'ಮೂರು ಕೂಗು'. ಪ್ರೋಗ್ರೆಸಿವ್ ರಾಕ್ ಅಂತೆ. ನನಗೂ ಆ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ. ತಲೆಬುಡ ತಿಳಿಯದೆ ಮಲ್ಲೇಶ್ ಅವರನ್ನೇ ಹುಡುಕಿಕೊಂಡು ಹೋಗಿ ಕೇಳಿದೆ.

"ಬಿಡಿ ಹಾಡುಗಳಲ್ಲ ಸಾರ್, ಎಲ್ಲ ಸೇರಿ ಒಂದೇ ಕಥೆ" ಎಂದರು ಅವರು. "ಶುರುವಿನ ಹಾಡಲ್ಲಿ ಬಂದ ರಾಗ ನಡುವೆ ಮುಖ ಮರೆಸ್ಕೊಂಡು ಬರುತ್ತೆ, ಕೊನೇಲಿ ಮತ್ತೆ ನೆಟ್ಟಗೆ ಬರುತ್ತೆ. ಒಂದು ಹಾಡು ಆಚೀಚೆ ಮಾಡಿದ್ರೆ ಬದುಕಿರೋನು ಸತ್ತು ಹೋಗ್ತಾನೆ."

ಆ ಮಾತು ಅರ್ಥವಾಗಬೇಕಾದರೆ ಈ ಸೀಮೆಯ ಒಂದು ನಂಬಿಕೆ ತಿಳಿದಿರಬೇಕು. ಕತ್ತಲಾದ ಮೇಲೆ ಹೊರಗಿನಿಂದ ಯಾರಾದರೂ ಕೂಗಿದರೆ ಇಲ್ಲಿ ತಟಕ್ಕನೆ ಓಗೊಡುವುದಿಲ್ಲ. ಗಾಳಿ ದೆವ್ವಗಳು ಮೂರು ಸಲ ಕೂಗಲಾರವು. ಮೂರನೇ ಕೂಗು ಬಂದರೆ ಮನುಷ್ಯರೇ ಎಂದು ಗೊತ್ತಾಗಿ ಬಾಗಿಲು ತೆಗೆಯುತ್ತಾರೆ. ಆಲ್ಬಮ್ಮಿನ ಕಥೆ ಇಷ್ಟೇ. ಕಾಡು ದಾಟಿ ಬಂದವನೊಬ್ಬ ಮುಚ್ಚಿದ ಮನೆ ಬಾಗಿಲಲ್ಲಿ ನಿಂತು "ಅವ್ವಾ" ಎಂದು ಕೂಗುತ್ತಾನೆ. ಕ್ಯಾಸೆಟ್ಟಿನ ಮೊದಲ ಸದ್ದೇ ಅದು. ಒಳಗಿನಿಂದ ಉತ್ತರವಿಲ್ಲ. ಮೊದಲ ಬದಿಯ ಹಾಡುಗಳೆಲ್ಲ ಅವನು ನಡೆದು ಬಂದ ದಾರಿಯವು. ಎರಡನೇ ಬದಿ ಎರಡನೇ ಕೂಗಿನಿಂದ ತೆರೆಯುತ್ತದೆ. ಈಗ ಅವನಿಗೇ ಅನುಮಾನ. ಕಾಲಿಗೆ ನೆಲದ ತಣ್ಣನೆ ತಿಳಿಯುತ್ತಿಲ್ಲ, ನಾಯಿ ಬೊಗಳುತ್ತಿಲ್ಲ, ತಾನು ಬಂದು ತಲುಪಿದೆನೋ ಅಥವಾ ದಾರಿಯಲ್ಲೇ ಉಳಿದೆನೋ? ಆ ಹಾಡು ಮುಗಿದ ಮೇಲೆ ಒಂದು ದೀರ್ಘ ಮೌನ. ಅದಾದ ಮೇಲೆ ಮೂರನೇ ಕೂಗು. ಅಲ್ಲಿಗೆ ಅವನು ಮನುಷ್ಯನೇ ಎಂದು ಖಾತ್ರಿಯಾಗಿ ಆಲ್ಬಮ್ ಮುಗಿಯುತ್ತದೆ.

ಹಾಡುಗಳನ್ನು ಈ ಕ್ರಮದಲ್ಲಿ ಇಟ್ಟದ್ದು ಸಿದ್ದಾರ್ಥ. ಮೊದಲು ಕಾಡಿನ ಹಾಡನ್ನು ಕೊನೆಗಿಟ್ಟಿದ್ದರಂತೆ. ಹಾಗಿಟ್ಟರೆ ಅವನು ಕಾಡಲ್ಲೇ ಉಳಿದುಬಿಡುತ್ತಾನೆ ಎಂದು ಸಿದ್ದಾರ್ಥ ಹಟ ಹಿಡಿದು ಬದಲಾಯಿಸಿದ. ಆ ಮೌನವೂ ಬರೀ ಮೌನವಲ್ಲ. ಪುಣಜನೂರಿನ ಆಚೆ ಕಾಡಂಚಿನಲ್ಲಿ ಒಂದು ಬೆಳಗಿನ ಜಾವ ರೆಕಾರ್ಡ್ ಮಾಡಿ ತಂದದ್ದು. "ಟೇಪ್‌ ರೆಕಾರ್ಡರ್ ಬಂಡೆ ಮೇಲಿಟ್ಟು ಇಬ್ಬರೂ ಅಲುಗಾಡದೆ ಕೂತಿದ್ವಿ ಸಾರ್. ಸೊಳ್ಳೆ ಕಚ್ಚಿದ್ರೂ ಕೈ ಎತ್ತಲಿಲ್ಲ. ಅಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ" ಎಂದು ಮಲ್ಲೇಶ್ ನೆನೆಯುತ್ತಾರೆ.

ಪ್ರತಿ ಮಾಡಿಕೊಡಲು ಆ ಕ್ಯಾಸೆಟ್ ನೀಲಾವತಿಯವರ ಕೈಗೆ ಬಂತು. ಎರಡನೇ ಬದಿಯ ಹಾಡು ಮುಗಿಯಿತು. ಮೌನ ಬಂತು. ಪಾಪ, ಅವರು ಕೊಂಚ ಹೊತ್ತು ಕಾದರು. ಟೇಪು ಖಾಲಿ ಎಂದುಕೊಂಡರು. ಒಳ್ಳೆಯ ಹುಡುಗರು, ಕೊಸರು ಕೊಡೋಣ ಎಂದು ಅಲ್ಲಿಂದ ಮುಂದಕ್ಕೆ ಹಾರ್ಮೋನಿಯಂ ಇರುವ ಒಂದು ಬೆಟ್ಟದ ದೇವರ ಭಜನೆ ತುಂಬಿದರು. ಎಲ್ಲ ಪ್ರತಿಗಳಿಗೂ ಅದನ್ನೇ ತುಂಬಿದರು. ಮೂರನೇ ಕೂಗು ಕೊಸರಿಗೆ ಹೋಯಿತು.

ಇದರಲ್ಲಿ ನಗುವಂಥದ್ದೂ ಇದೆ. ಕಾಲೇಜಿನಲ್ಲಿ ಹುಡುಗರು ಆ ಭಜನೆಯೂ ರಾಕ್ ಸಂಗೀತದ ಭಾಗವೇ ಎಂದು ತಿಳಿದು ತಲೆ ಆಡಿಸಿದರಂತೆ. ಆದರೆ ಪ್ರತಿಗಳು ಹಂಚಿ ಮುಗಿದ ಕೆಲವೇ ದಿನಗಳಲ್ಲಿ, ಇನ್ನಷ್ಟು ಕಾಡಿನ ಸದ್ದು ಹಿಡಿದು ತರುತ್ತೇನೆ ಎಂದು ಸಿದ್ದಾರ್ಥ ಒಬ್ಬನೇ ಸತ್ಯಮಂಗಲದ ಬಸ್ಸು ಹತ್ತಿದ. ಪುಣಜನೂರಿನಲ್ಲಿ ಇಳಿದದ್ದನ್ನು ಕಂಡಕ್ಟರ್ ನೋಡಿದ್ದಾರೆ. ಆಮೇಲೆ ಯಾರೂ ನೋಡಿಲ್ಲ. ಹುಡುಕಿದರು, ದೂರು ಕೊಟ್ಟರು, ಶಾಸ್ತ್ರ ಕೇಳಿದರು. ಹುಡುಗನೂ ಸಿಗಲಿಲ್ಲ, ಟೇಪ್‌ ರೆಕಾರ್ಡರೂ ಸಿಗಲಿಲ್ಲ.

ಆಗ ಊರು ಆ ಕ್ಯಾಸೆಟ್ಟನ್ನು ಮತ್ತೆ ಕೇಳಿತು. ಎರಡೇ ಕೂಗು. ಹೆಸರು ಮಾತ್ರ ಮೂರು ಕೂಗು.

"ಎರಡು ಕೂಗಿ ನಿಲ್ಲುಸ್ಬುಟ್ಟವ್ನೆ, ಅವ್ನು ಮನುಸ್ನಲ್ಲ, ಆಗ್ಲೇ ಗಾಳಿ ಆಗಿದ್ದ ಅಂದ್ರು ಕಣಪ್ಪಾ" ಎಂದು ರಾಚಮ್ಮ ನನಗೆ ಹೇಳುತ್ತಾರೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ, ಶಟರಿನ ಕೆಳಗಿನ ಮಂಜನ್ನು ನೋಡುತ್ತಾರೆ. "ತಿಥಿ ಮಾಡ್ಬುಡು ಅಂದ್ರು. ಎಂಗೆ ಮಾಡ್ಲಿ? ಮೂರ್ನೇದು ಎಲ್ಲೋ ಅದ ಅಂತ ನನ್ ಜೀವ ಯೋಳ್ತಿತ್ತು."

ಅದು ಈ ಅಂಗಡಿಯಲ್ಲಿ ಇತ್ತು. ಊರಿನ ಮಾತು ಕಿವಿಗೆ ಬಿದ್ದು ಮಲ್ಲೇಶ್ ಒಂದು ದಿನ ಬಂದು, ಮೂರನೇ ಕೂಗು ಎಲ್ಲಕ್ಕಾ ಎಂದು ಕೇಳಿದರು. ನೀಲಾವತಿ ಅಂಗಡಿಯಲ್ಲೇ ಉಳಿದಿದ್ದ ಮೂಲ ಕ್ಯಾಸೆಟ್ಟನ್ನು ಮೌನ ದಾಟಿಸಿ ಕೇಳಿದರು. "ಒಬ್ಬ ತಾಯಿ ಮಗನ ಬಾಯಿಗೆ ಭಜನೆ ತುರುಕ್ಬುಟ್ನಲ್ಲ ಸಾ" ಎನ್ನುವಾಗ ಅವರ ಕಣ್ಣು ತುಂಬುತ್ತದೆ.

ಅಂದಿನಿಂದ ಅವರು ಆ ಪ್ರತಿಗಳನ್ನು ಹುಡುಕುತ್ತಿದ್ದಾರೆ. ಕಾಲೇಜಿನ ಹುಡುಗರ ಮನೆ, ಹಾಸ್ಟೆಲ್ಲು, ಕೇರಳದ ಕಡೆ ಹೋಗುವ ಜೀಪಿನವರು, ಯಾರ ಬಳಿ ಇದೆ ಎಂದು ಗೊತ್ತಾದರೂ ಹೋಗಿ ಕೇಳುತ್ತಾರೆ. ಅಂಗಡಿಯ ದಿನದ ಕೆಲಸ ಶುರುವಾಗುವ ಮೊದಲು, ಕರೆಂಟು ಗಟ್ಟಿಯಿರುವ ಈ ಹೊತ್ತಿನಲ್ಲಿ, ಒಂದೊಂದನ್ನೇ ಸರಿಪಡಿಸಿ ವಾಪಸು ಕೊಡುತ್ತಾರೆ. ಈಗ ಉಳಿದಿರುವುದು ಒಂದೇ, ರಾಚಮ್ಮನವರ ಸೆರಗಿನಲ್ಲಿರುವುದು.

ಹೊಸ ಪ್ರತಿ ಮಾಡಿಕೊಡುತ್ತೇನೆ ಎಂದರೆ ರಾಚಮ್ಮ ಒಪ್ಪಲಿಲ್ಲ. ಸಿದ್ದಾರ್ಥ ತನ್ನ ಕೈಯಾರೆ ತಂದುಕೊಟ್ಟದ್ದು ಇದು. ಇದರಲ್ಲೇ ಅವನು ಕೂಗಬೇಕು. ಆದರೆ ಇದನ್ನು ಮಿಷಿನ್ನಿಗೆ ಹಾಕಿ ಕೆಂಪು ಗುಂಡಿ ಒತ್ತಿದರೆ ಮಗನ ದನಿಯೇ ಅಳಿಸಿಹೋದರೆ?

"ಕೊಸರು ಮಾತ್ರ ಅಳಿಸ್ತೀನಿ ರಾಚಕ್ಕ. ಅವ್ನ ದನಿ ಒಂದೆಳೆನೂ ಓಗಲ್ಲ" ಎನ್ನುತ್ತಾರೆ ನೀಲಾವತಿ.

"ಓದ್ರೆ?"

ನೀಲಾವತಿ ಸುಳ್ಳು ಭರವಸೆ ಕೊಡದ ಹೆಂಗಸು. ಕರೆಂಟು ಕೈಕೊಟ್ಟರೆ, ಟೇಪು ಸುತ್ತಿಕೊಂಡರೆ ಅವರೇನು ಮಾಡಿಯಾರು? ಹೊರಗೆ ಮೊದಲ ಬಸ್ಸು ಎಂಜಿನ್ ಶುರು ಮಾಡುತ್ತದೆ. ರಾಚಮ್ಮ ತಲೆ ತಗ್ಗಿಸಿಕೊಂಡೇ ಸೆರಗಿನ ಗಂಟು ಬಿಚ್ಚುತ್ತಾರೆ.

ನೀಲಾವತಿ ಕ್ಯಾಸೆಟ್ಟಿನ ಬೆನ್ನಿನ ತೂತಿಗೆ ಕಾಗದದ ಉಂಡೆ ತುರುಕುತ್ತಾರೆ. ಹಾಗೆ ಮಾಡದಿದ್ದರೆ ರೆಕಾರ್ಡ್ ಆಗುವುದಿಲ್ಲ. ಸಿದ್ದಾರ್ಥನ ಕೊನೆಯ ಹಾಡು ಮುಗಿಯುವ ಜಾಗಕ್ಕೆ ಟೇಪನ್ನು ತಂದು ನಿಲ್ಲಿಸುತ್ತಾರೆ. ಬೆರಳು ಕೆಂಪು ಗುಂಡಿಯ ಮೇಲೆ. ಒತ್ತುತ್ತಾರೆ. ಭಜನೆ ಇದ್ದ ಜಾಗಕ್ಕೆ ಪಕ್ಕದ ಮೂಲ ಕ್ಯಾಸೆಟ್ಟಿನಿಂದ ಕಾಡಿನ ಮೌನ ಇಳಿಯುತ್ತದೆ, ಅದರ ಹಿಂದೆ ಕೂಗು. ಎಲ್ಲ ಮುಗಿದ ಮೇಲೆ ಹೆಡ್‌ಫೋನು ಕಿತ್ತು ಪಕ್ಕಕ್ಕಿಟ್ಟು, ದೊಡ್ಡ ಸ್ಪೀಕರಿಗೆ ಜೋಡಿಸಿ, ತುಸು ಹಿಂದಕ್ಕೆ ಸುತ್ತಿ ಹಾಕುತ್ತಾರೆ.

ಹಾಡಿನ ತುದಿ ಬರುತ್ತದೆ. ಸಿದ್ದಾರ್ಥನ ದನಿ ಇದೆ, ಹೋಗಿಲ್ಲ. ಆಮೇಲೆ ಮೌನ. ಅಂಗಡಿಯೊಳಗೆ ಮೂವರೂ ಅಲುಗಾಡದೆ ಕೂತಿದ್ದೇವೆ.

ರಾಚಮ್ಮ ಥಟ್ಟನೆ ತಲೆ ಎತ್ತುತ್ತಾರೆ. "ಅವ್ನೇ ಕಣಮ್ಮಿ, ನಡ್ಕಂಡು ಬತ್ತಾವ್ನೆ."

"ಏನೂ ಇಲ್ವಲ್ಲ ರಾಚಕ್ಕ, ಎಲೆ ಸದ್ದು ಅದು."

"ಎಡಗಾಲು ಎಳೀತದ ನೋಡು. ಚಿಕ್ಕೋನಾಗಿದ್ದಾಗ ಬಾವಿ ಮೆಟ್ಲಲ್ಲಿ ಬಿದ್ದಿದ್ದ. ನಂಗೊತ್ತಿಲ್ವಾ?"

ನಾನು ಕಿವಿ ಹಚ್ಚುತ್ತೇನೆ. ತರಗೆಲೆಯ ಮೇಲೆ ಒಂದು ಸದ್ದು, ಆಮೇಲೆ ಎಳೆದ ಹಾಗೆ ಇನ್ನೊಂದು. ಮತ್ತೆ ಒಂದು, ಮತ್ತೆ ಎಳೆದದ್ದು. ಹತ್ತಿರ ಬರುತ್ತಿದೆ. ಇಬ್ಬರೂ ಅಲುಗಾಡದೆ ಕೂತಿದ್ದೆವು ಎಂದ ಮಲ್ಲೇಶ್ ಅವರ ಮಾತು ನೆನಪಾಗುತ್ತದೆ. ನೀಲಾವತಿಯವರ ಮುಖ ನೋಡುತ್ತೇನೆ. ಇಷ್ಟು ಕಾಲ ದಿನಾ ಕೇಳಿದ್ದ ಮೌನವನ್ನು ಅವರು ಈಗ ಹೊಸದಾಗಿ ಕೇಳುತ್ತಿದ್ದಾರೆ. ಸದ್ದು ನಿಲ್ಲುತ್ತದೆ.

"ಅವ್ವಾ."

"ಓ ಕಣ್ ಮಗಾ" ಎನ್ನುತ್ತಾರೆ ರಾಚಮ್ಮ. ಬಾಗಿಲಲ್ಲಿ ನಿಂತವನಿಗೆ ಹೇಳುವಷ್ಟೇ ಸಹಜವಾಗಿ. "ಬಾ, ಬಾಗ್ಲು ತೆಗ್ದಿವ್ನಿ."

ಟೇಪು ಮುಗಿದು ಗುಂಡಿ ಟಕ್ಕನೆ ಮೇಲೇಳುತ್ತದೆ ಎಂದು ನಾನು ಕಾಯುತ್ತೇನೆ. ಏಳುವುದಿಲ್ಲ. ಟೇಪು ತಿರುಗುತ್ತಲೇ ಇದೆ, ಸ್ಪೀಕರಿನಲ್ಲಿ ಸಣ್ಣ ಉಸಿರಿನಂಥ ಸದ್ದು. ಖಾಲಿ ಕಂಡಲ್ಲೆಲ್ಲ ಹಾಡು ತುಂಬುವ ಈ ಹೆಂಗಸು ಇಷ್ಟುದ್ದ ಖಾಲಿ ಬಿಟ್ಟದ್ದೇಕೆ ಎಂದು ನನಗೆ ಸೋಜಿಗ. ಮೆಲ್ಲಗೆ ಕೇಳುತ್ತೇನೆ.

ನೀಲಾವತಿ ಡೆಕ್ಕಿನಿಂದ ಕಣ್ಣು ತೆಗೆಯುವುದಿಲ್ಲ. "ಇದು ನಾ ಕೊಟ್ಟ ಕೊಸರು ಸಾ. ರಾಚಕ್ಕ ಓಗೊಟ್ಟಾಯ್ತು. ಅವ್ನೂ ಏನಾರ ಯೋಳ್ಬೇಕು ಅಂದ್ರೆ ಜಾಗ ಬ್ಯಾಡ್ವಾ?"