ಇಂಜಿನ್ ಸರಿಯಾದ ದಿನ

“ಅಕ್ಕಾ, ಕಂಪನಿಯವ್ರು ಏರಿಯಾ ಬದಲು ಮಾಡಿದ್ದಾರೆ. ಇನ್ಮೇಲೆ ನಿಮ್ಮೂರು ಮಂಜಗುಣಿ ನಮ್ದೇ,” ಎಂದು ಕಾರವಾರದ ದೋಣಿ ಇಂಜಿನ್ ಡೀಲರನ ಮೆಕ್ಯಾನಿಕ್ ನಮ್ಮ ಅಂಗಳದಲ್ಲಿ ನಿಂತು ನಕ್ಕ.

ಇಂಜಿನ್ ಕೆಟ್ಟಾಗ ನನ್ನ ಗಂಡ ಅದನ್ನು ಮಾರಿದ್ದ ಆ ಡೀಲರನ ಬಳಿಗೇ ಹೋಗಿದ್ದರು. ನಿಮ್ಮೂರು ಅಂಕೋಲೆ ಡೀಲರಿಗೆ ಸೇರಿದ್ದು ಎಂದು ಕಳಿಸಿದರು. ಕಾರವಾರದಲ್ಲಿ ಕೊಂಡದ್ದನ್ನು ನಾವು ಮುಟ್ಟುವುದಿಲ್ಲ ಎಂದರು ಅಂಕೋಲೆಯವರು. ಕೊನೆಗೆ ಇವರು ನಿಂತು ನಿಂತು ಓಡುತ್ತಿದ್ದ ಆ ಇಂಜಿನ್ನನ್ನೇ ನಂಬಿ ಕಡಲಿಗಿಳಿದರು. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಅದು ನಿಂತುಹೋಯಿತು. ದೋಣಿ ಮಾತ್ರ ದಡಕ್ಕೆ ಬಂತು.

“ಇಂಜಿನ್ ಅಲ್ಲಿದೆ ನೋಡು ತಮ್ಮಾ. ಓಡಿಸೋ ಮಗ ಇಲ್ಲ,” ಎಂದರು ಅತ್ತೆ. ಮೆಕ್ಯಾನಿಕ್‌ನ ನಗು ಆರಿತು. ಕೂತು, ಇಂಜಿನ್ ಸರಿಮಾಡಿ, ಹಗ್ಗ ಎಳೆದು ಚಾಲೂ ಮಾಡಿದ. ಆ ಸದ್ದು ಕೇಳಿದ್ದೇ ಅತ್ತೆ, ಮಗನ ದೋಣಿ ಬಂದಾಗಲೆಲ್ಲ ಮಾಡುತ್ತಿದ್ದಂತೆ, ಮೀನಿನ ಬುಟ್ಟಿ ಹಿಡಿದು ಹೊಳೆಯ ಕಡೆಗೆ ಹೊರಟೇಬಿಟ್ಟರು.

ಇಂಜಿನ್ ಮಾರಿದೆವು. ಯಾರದೇ ದೋಣಿ ಸದ್ದು ಮಾಡಿದರೂ ಅತ್ತೆ ಈಗಲೂ ಒಮ್ಮೆ ಬುಟ್ಟಿಯ ಕಡೆ ನೋಡುತ್ತಾರೆ.