ಮೆಟ್ರೊದಲ್ಲಿ ದೊಡ್ಡಮ್ಮನ ಮೊಣಕಾಲು

"ಹ್ವಾಯ್, ಕಾಣ್ ಹೆಣೆ, ಸಾಮಾನ್ ಇಡುಕಂದೇ ಜಾಗ ಮಾಡೀರ್!"

ದಿಲ್ಲಿಯ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ಹತ್ತಿದ ಕೂಡಲೇ ದೊಡ್ಡಮ್ಮ ನನ್ನನ್ನು ಕರೆದು, ಬಾಗಿಲ ಪಕ್ಕದ ಸ್ಟೀಲಿನ ಅಟ್ಟಣಿಗೆಯನ್ನು ಸವರಿ ನೋಡಿದರು. ತ್ರಾಸಿಯಿಂದ ಕುಂದಾಪುರಕ್ಕೆ ಬಸ್ಸಿನಲ್ಲಿ ಮೀನು ಬುಟ್ಟಿ ಒಯ್ಯುತ್ತಿದ್ದ ಅವರಿಗೆ ಯಾವ ಕಂಡಕ್ಟರೂ ಇಂಥ ಜಾಗ ಕೊಟ್ಟಿರಲಿಲ್ಲ.

ದೊಡ್ಡಮ್ಮ ತಮ್ಮ ಸೊಸೆಗೆಂದು ಆರಿಸಿ ಕೊಂಡ ಪಿಂಗಾಣಿ ಕಪ್ಪುಗಳ ಚೀಲವನ್ನು ಕೆಳಗಿನ ಅಂತಸ್ತಿನಲ್ಲಿ ಇಟ್ಟೆವು. ಮೆತ್ತನೆಯ ಸೀಟುಗಳು ಖಾಲಿಯಿದ್ದರೂ ದೊಡ್ಡಮ್ಮ ಕೂರಲಿಲ್ಲ. ಬಸ್ಸಿನಲ್ಲಿ ಬುಟ್ಟಿ ಕಾಯುವಂತೆ ಚೀಲಕ್ಕೆ ಮೊಣಕಾಲು ಅಡ್ಡ ಕೊಟ್ಟು ನಿಂತರು. ಎಲ್ಲರೂ ನೋಡುತ್ತಿದ್ದರು.

"ಇಲ್ಲ್ ಎಂತದೂ ಬೀಳೂದಿಲ್ಲ, ಕೂಕಣಿ" ಎಂದು ನಾನು ಪಿಸುಗುಟ್ಟಿದೆ.

ಅಷ್ಟರಲ್ಲಿ ರೈಲು ತಿರುವಿನಲ್ಲಿ ವಾಲಿತು. ಕೋಟು ತೊಟ್ಟವರೊಬ್ಬರು ಬಾಗಿಲ ಬಳಿ ನಿಲ್ಲಿಸಿದ್ದ ಚಕ್ರದ ದೊಡ್ಡ ಸೂಟ್‌ಕೇಸ್ ಉರುಳುತ್ತ ನೇರ ಕಪ್ಪುಗಳ ಕಡೆಗೇ ಬಂದು, ದೊಡ್ಡಮ್ಮನ ಮೊಣಕಾಲಿಗೆ ತಾಗಿ ನಿಂತಿತು.

ಓಡಿಬಂದ ಆ ಮನುಷ್ಯನನ್ನು ನೋಡಿ ದೊಡ್ಡಮ್ಮ ನಕ್ಕರು. "ಮೀನ್ ಬುಟ್ಟಿ ಆರೇನ್, ಕೋಟಿನವ್ರ ಪೆಟ್ಟಿ ಆರೇನ್? ತಿರುವಿಗೆ ಎಲ್ಲವೂ ಒಂದೇ!"

ಕೋಟಿನವರಿಗೆ ನಮ್ಮ ಭಾಷೆ ತಿಳಿಯಲಿಲ್ಲ. ಆದರೂ ನಕ್ಕು, ವಿಮಾನ ನಿಲ್ದಾಣ ಬರುವವರೆಗೂ ತಮ್ಮ ಸೂಟ್‌ಕೇಸಿಗೆ ಮೊಣಕಾಲು ಕೊಟ್ಟು ದೊಡ್ಡಮ್ಮನ ಪಕ್ಕದಲ್ಲೇ ನಿಂತರು.

ಈಗ ಊರಿನ ಬಸ್ಸಿನಲ್ಲಿ ಯಾರದೋ ಬುಟ್ಟಿ ಜಾರಿದರೆ, ನನ್ನ ಮೊಣಕಾಲು ನನ್ನನ್ನು ಕೇಳದೆಯೇ ಮುಂದೆ ಹೋಗುತ್ತದೆ.