ಶನಿವಾರದ ಹದಿನೈದು ಕಾರುಗಳು

ಆ ಗುರುವಾರ ಬೆಳಿಗ್ಗೆಯೂ ನಾನು ಹಾಲು ಕಾಯಿಸುತ್ತಾ ಅಡುಗೆಮನೆಯ ಕಿಟಕಿಯ ಬಳಿ ನಿಂತಿದ್ದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ತೊಟ್ಟುತೊಟ್ಟಾಗಿ ಇಳಿಯುತ್ತಿತ್ತು. ಪೇಟೆ ನಡುವಿನ ಡೆನ್ನಿ ಟ್ರಯಾಂಗಲ್‌ನ ಆಫೀಸಿಗೆ ಹೊರಟಿದ್ದ ಯಜಮಾನರು ಊಟದ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದರು. ಮಗಳು ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಫೋನ್ ನೋಡುತ್ತಾ ಕೂತಿದ್ದಳು. ಎದುರುಮನೆಯ ಕಿಟಕಿಯ ಗಾಜು ಆವಿಯಿಂದ ಮಸುಕಾಗಿತ್ತು. ಅಂದರೆ ಆ ಮನೆಯಾಕೆ ಆಗಲೇ ಹಂಚು ಇಟ್ಟಾಗಿದೆ. ವಿಚಾರಣೆಯ ದಿನವೂ ರೊಟ್ಟಿ ಬಡಿಯುವುದನ್ನು ಬಿಟ್ಟಿರಲಿಲ್ಲ.

ಆಕೆ ಬಾಗಲಕೋಟೆ ಕಡೆಯವರು. ಈ ದೇಶಕ್ಕೆ ಬಂದ ಮೊದಲ ಆರು ವರ್ಷ ಮನೆಯಿಂದ ಹೊರಗೆ ಬಂದದ್ದೇ ಕಡಿಮೆ. ಆಮೇಲೆ ಯಾರದೋ ಮನೆಯ ಪೂಜೆಗೆಂದು ಐವತ್ತು ಜೋಳದ ರೊಟ್ಟಿ ಮಾಡಿಕೊಟ್ಟರು. ಅಲ್ಲಿಂದ ವಾಟ್ಸಾಪಿನಲ್ಲಿ ಆರ್ಡರ್ ಬರತೊಡಗಿತು. ಹಿಟ್ಟು ತರಲು ಡ್ರೈವಿಂಗ್ ಕಲಿತರು, ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಇಂಗ್ಲಿಷ್ ಕಲಿತರು. ಮನೆಯಿಂದ ವ್ಯಾಪಾರ ಮಾಡಲು ಊರಿನ ಕಚೇರಿಯಿಂದ ಅನುಮತಿಯೂ ಸಿಕ್ಕಿತು. ಆದರೆ ಅವರ ಪಕ್ಕದ ಮನೆಯ ನಿವೃತ್ತ ಮುದುಕರು, ಇದು ಸಂಸಾರಸ್ಥರು ವಾಸಿಸುವ ರಸ್ತೆ, ಅಂಗಡಿಬೀದಿಯಲ್ಲ ಎಂದು ಆ ಅನುಮತಿಯ ಮೇಲೆ ಅಪೀಲು ಹಾಕಿದರು. ಅವತ್ತು ಹತ್ತು ಗಂಟೆಗೆ ಅದರ ವಿಚಾರಣೆ. ಅನುಮತಿ ಉಳಿಯಬಹುದು, ಹೋಗಬಹುದು.

"ಇದು ನಿಂತರ ನಾ ಮುಂಜಾನೆ ಎದ್ದು ಏನ್ ಮಾಡ್ಲಿ, ಅಕ್ಕಾರ?" ಎಂದು ಹಿಂದಿನ ವಾರ ಕೇಳಿದ್ದರು. "ನೀವೊಬ್ರು ಬಂದು ನನ್ ಪರ ನಾಕ ಮಾತು ಹೇಳ್ರಿ. ನಿಮ್ಮ ಇಂಗ್ಲಿಷ್ ಕಾನ್ವೆಂಟಿಂದು."

ಹೇಳುತ್ತೇನೆ ಎಂದಿದ್ದೆ.

ಹೋಗುವಾಗ ಅವರೇ ಕಾರು ಓಡಿಸಿದರು. ನನ್ನ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ್ದ ಕಟ್ಟು ಬೆಚ್ಚಗಿತ್ತು. ಒಳಗೆ ರೊಟ್ಟಿ, ಶೇಂಗಾ ಚಟ್ನಿ. "ಅಧಿಕಾರಿ ಬಾಯಾಗ ಒಂದು ತುತ್ತು ಬಿದ್ರ ಸಾಕ್ರಿ, ಕೇಸ್ ಮುಗೀತು" ಎಂದು ನಕ್ಕರು. ನಾನು ಬೇಡವೆನ್ನಬೇಕಿತ್ತು. ಎನ್ನಲಿಲ್ಲ. ಕಟ್ಟನ್ನು ಮೇಜಿನ ಮೇಲೆ ಇಟ್ಟಕೂಡಲೇ ಗುಮಾಸ್ತ ಹುಡುಗಿ, ಇದನ್ನು ಸಾಕ್ಷ್ಯವಾಗಿ ದಾಖಲಿಸಬೇಕೇ ಎಂದು ಗಂಭೀರವಾಗಿ ಕೇಳಿದಳು. ಅಲ್ಲವೆಂದಾಗ ಎರಡೂ ಕೈಯಿಂದ ಎತ್ತಿ ಮರಳಿ ಕೊಟ್ಟಳು.

ಕೋರ್ಟಿನಂಥ ಜಾಗವೆಂದುಕೊಂಡಿದ್ದೆ. ನೋಡಿದರೆ ಗ್ರಂಥಾಲಯದ ಓದುವ ಕೋಣೆಯ ಹಾಗಿತ್ತು. ವಿಚಾರಣಾಧಿಕಾರಿ ಬಿಳಿಗೂದಲಿನ ಹೆಂಗಸು, ಮುಂದೆ ಚೆನ್ನಾಗಿ ಚೂಪು ಮಾಡಿದ ಎರಡು ಪೆನ್ಸಿಲ್. ಮೊದಲು ಕಚೇರಿಯವರು ವರದಿ ಓದಿದರು: ಇಂಥ ಮನೆಗೆ ದಿನಕ್ಕೆ ಎಂಟಕ್ಕಿಂತ ಹೆಚ್ಚು ಗಿರಾಕಿಗಳು ಬರುವಂತಿಲ್ಲ, ಅನುಮತಿ ಕೇಳಿದವರು ಆರು ಎಂದು ಬರೆದುಕೊಟ್ಟಿದ್ದಾರೆ. ಆಮೇಲೆ ಮುದುಕರು ಫೋಟೋಗಳನ್ನು ಕೊಟ್ಟರು. ಒಂದೊಂದರಲ್ಲಿ ಎರಡೋ ಮೂರೋ ಕಾರು. "ಇದರಲ್ಲಿ ದಿನಾಂಕವಿಲ್ಲವಲ್ಲ" ಎಂದರು ಅಧಿಕಾರಿ. ಮುದುಕರ ಕಿವಿ ಕೆಂಪಾಯಿತು. ತಮ್ಮ ಹೆಂಡತಿ ವಾಕರ್ ಹಿಡಿದು ನಡೆಯುವವಳು, ಕಾರುಗಳು ಸರಿಯುವವರೆಗೆ ಕಾಯಬೇಕಾಗುತ್ತದೆ ಎಂದರು. ಅದು ಸುಳ್ಳಲ್ಲ, ನಾನೂ ಕಂಡಿದ್ದೆ. ನಮ್ಮ ಎದುರುಮನೆಯಾಕೆ ಎದ್ದು, ಕಲಿತುಕೊಂಡು ಬಂದಿದ್ದ ಐದು ವಾಕ್ಯ ಹೇಳಿ ಕೂತರು. ಅಲ್ಲಿಗೆ ಎಲ್ಲ ನಮ್ಮ ಕಡೆಗೇ ಇತ್ತು.

ನನ್ನ ಸರದಿ ಬಂತು. ಬಲಗೈ ಎತ್ತಿ ನಿಜವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದೆ. ಪ್ರಶ್ನೆ ಕೇಳಿದರೆ ನೆಟ್ಟಗೆ ನಿಂತು, ಪೂರ್ತಿ ವಾಕ್ಯದಲ್ಲಿ, ಗೊತ್ತಿರುವಷ್ಟನ್ನೂ ಹೇಳಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಹನ್ನೆರಡು ವರ್ಷ ಕಲಿಸಿದ್ದರು. ಆಕೆ ಎಷ್ಟು ಒಳ್ಳೆಯವರೆಂದು ಹೇಳಿದೆ. ಬರುವವರು ಮರ್ಯಾದಸ್ಥರು, ಎರಡು ನಿಮಿಷ ನಿಂತು ಹೋಗುತ್ತಾರೆ, ನನ್ನ ಅಡುಗೆಮನೆಯ ಕಿಟಕಿಯಿಂದ ದಿನವೂ ನೋಡುತ್ತೇನೆ ಎಂದೆ.

"ದಿನವೂ ನೋಡುತ್ತೀರಾ?" ಅಧಿಕಾರಿ ಬಹಳ ಮೃದುವಾಗಿ ಕೇಳಿದರು. "ಸುಮಾರು ಎಷ್ಟು ಕಾರು ಬರಬಹುದು?"

"ವಾರದ ದಿನ ನಾಲ್ಕೋ ಐದೋ. ಶನಿವಾರ ಹನ್ನೆರಡು, ಹದಿಮೂರು. ಹೋದ ಶನಿವಾರ ಹದಿನೈದು. ರೆಂಟನ್‌ನಿಂದ ಬಂದ ಒಬ್ಬರು ನಮ್ಮ ಡ್ರೈವ್‌ವೇನಲ್ಲಿ ಕಾರು ತಿರುಗಿಸಿಕೊಂಡರು. ಆದ್ದರಿಂದ ಚೆನ್ನಾಗಿ ನೆನಪಿದೆ."

ಪೆನ್ಸಿಲ್ ಓಡುವ ಸದ್ದು ಕೇಳಿಸಿತು. ಅಷ್ಟು ಹೊತ್ತು ರೊಟ್ಟಿಕಟ್ಟಿನ ಗಂಟನ್ನು ಬಿಚ್ಚಿ ಕಟ್ಟುತ್ತಿದ್ದ ನಮ್ಮಾಕೆಯ ಬೆರಳು ನಿಂತುಹೋಯಿತು. ಆಗ ನನಗೆ ತಿಳಿಯಿತು, ಏನು ಹೇಳಿದೆನೆಂದು. ಎರಡೆರಡು ನಿಮಿಷ ಮಾತ್ರ ನಿಲ್ಲುತ್ತಾರೆ ಎಂದು ಮತ್ತೆ ಹೇಳಹೋದೆ. ಅಧಿಕಾರಿ ತಲೆಯಾಡಿಸಿ, ಮುದುಕರಿಗೆ ಹೇಳಿದ ಅದೇ ದನಿಯಲ್ಲಿ ನನಗೂ ಥ್ಯಾಂಕ್ಸ್ ಹೇಳಿದರು. ಆ ಮುಖದಲ್ಲಿ ಏನೂ ಓದಲಾಗಲಿಲ್ಲ.

ತೀರ್ಪು ಅಲ್ಲೇ ಕೊಡುತ್ತಾರೆಂದು ಇಬ್ಬರೂ ಕಾದೆವು. ಕೊಡಲಿಲ್ಲ. ದಾಖಲೆ ಇಲ್ಲಿಗೆ ಮುಗಿಯಿತು, ಇನ್ನು ಯಾರೂ ಏನನ್ನೂ ಸೇರಿಸುವಂತಿಲ್ಲ, ಎರಡು ವಾರದೊಳಗೆ ಬರೆದು ಕಳಿಸುತ್ತೇವೆ ಎಂದು ರೆಕಾರ್ಡರ್ ಆರಿಸಿದರು.

ವಾಪಸು ಬರುವಾಗ ಎರಡು ಸಿಗ್ನಲ್ ದಾಟಿದ ಮೇಲೆ ಆಕೆ ಕೇಳಿದರು.

"ಖರೇನ ಹದಿನೈದ ಎಣಿಸಿದ್ರೇನ್ರಿ?"

"ಎಣಿಸ್ಲಿಲ್ಲ ಕಣ್ರೀ... ಕಣ್ಣಿಗೆ ಬಿತ್ತು. ಪ್ರಮಾಣ ಬೇರೆ ಮಾಡಿದ್ದೆ."

"ನಾನ ಎಣಿಸಿಲ್ಲ, ನೋಡ್ರಿ" ಎಂದರು. ಸಿಟ್ಟಿನ ದನಿಯಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಆರಿದ ರೊಟ್ಟಿಯ ಕಟ್ಟನ್ನು ನನ್ನ ಕೈಗೇ ಕೊಟ್ಟು, "ಸಂಜಿಗೆ ತಿನ್ರಿ" ಎಂದು ಮನೆಯೊಳಗೆ ಹೋದರು.

ಸಂಜೆ ತಟ್ಟೆಗೆ ಬಡಿಸುತ್ತಾ ಎಲ್ಲ ಹೇಳಿದೆ. "ನಿಜಾನೇ ತಾನೇ ಹೇಳಿದ್ದು? ಬಿಡು" ಎಂದರು ಯಜಮಾನರು. ಮಗಳು ರೊಟ್ಟಿ ಮುರಿಯುತ್ತಾ, "ಅಮ್ಮಾ, ಯು ಕುಡ್ ಹ್ಯಾವ್ ಜಸ್ಟ್ ಸೆಡ್ ಅ ಫ್ಯೂ" ಎಂದಳು. ಕೆಲವು ಎಂದಿದ್ದರೆ ಸಾಕಿತ್ತಂತೆ. ಅದೂ ಸುಳ್ಳೇನಲ್ಲ. ಆ ಪದ ನನಗೇಕೆ ಹೊಳೆಯಲಿಲ್ಲವೋ. ಹೊಳೆದಿದ್ದರೂ ವಾಕರ್ ಹಿಡಿದು ಕಾಯುವ ಆ ಹೆಂಗಸು ಕಣ್ಣ ಮುಂದೆ ಬರುತ್ತಿರಲಿಲ್ಲವೇ? ಎರಡನ್ನೂ ತೂಗಿ ನೋಡಿದೆ, ತಿಳಿಯಲಿಲ್ಲ.

ಇನ್ನೂ ಬೆಳಕಿತ್ತು. ಖಾಲಿಯಾದ ಕಸದ ಡಬ್ಬ ಒಳಗೆ ತರಲು ಹೋದೆ. ಆಕೆಯೂ ತಮ್ಮದನ್ನು ಎಳೆದುಕೊಂಡು ಹೊರಟಿದ್ದರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ.

"ಶನಿವಾರದ ಗಿರಾಕಿಗೆಲ್ಲಾ ಮೆಸೇಜ್ ಹಾಕೇನ್ರಿ" ಎಂದರು ಡಬ್ಬ ನಿಲ್ಲಿಸದೆಯೇ. "ಕಾರು ಹಿಂದಿನ ಪಾರ್ಕಿನ ಕಡೆ ನಿಲ್ಲಿಸಿ ನಡಕೋತ ಬರ್ರಿ ಅಂದೀನಿ. ಅದು ನಿಮ್ಮ ಕಿಟಕಿಗೆ ಕಾಣಂಗಿಲ್ಲಲ್ರೀ, ಅಕ್ಕಾರ?"